ಚಿರೇಕಲ್ಲು ನೆಲಕ್ಕೆ ಯಾವ ಬೀಜ: ಮೂಲಂಗಿಯೋ, ಕ್ಯಾರೆಟ್ಟೋ?

ಕಾರವಾರ, ಅಂಕೋಲಾ ಕಡೆಯ ಹಿತ್ತಲೆಂದರೆ ಗೊತ್ತಲ್ಲ, ಎಷ್ಟೋ ಕಡೆ ಒಂದು ಗೇಣು ಅಗೆದರೆ ಹಾರೆ ಚಿರೇಕಲ್ಲಿಗೆ (ಕೆಂಪು ಜಂಬಿಟ್ಟಿಗೆ ಕಲ್ಲಿಗೆ) ಠಣ್ ಅನ್ನುತ್ತದೆ. ಮಣ್ಣು ಹುಳಿ, ಸಾರವೆಲ್ಲ ಮಳೆಗಾಲದಲ್ಲಿ ತೊಳೆದುಹೋಗಿರುತ್ತದೆ. ಇಂಥಲ್ಲಿ ದೀಪಾವಳಿ ಕಳೆದ ಮೇಲೆ ಬಿತ್ತುವವರಿಗೆ ನನ್ನ ಓಟು ಮೂಲಂಗಿಗೇ. 4–5 ದಿನಕ್ಕೆ ಮೊಳಕೆ; ಪೂಸಾ ಚೇತ್ಕಿ ತಳಿ ಹಾಕಿದರೆ 40–45 ದಿನಕ್ಕೆ ಸಾಂಬಾರು. ಕರಾವಳಿಯ ಸೆಕೆಯನ್ನೂ ತಡೆಯುತ್ತದೆ. ಕಲ್ಲು ಸಿಕ್ಕಿ ಗಡ್ಡೆ ಸೊಟ್ಟಗಾದರೂ ಸೊಪ್ಪಿನ ಪಲ್ಯಕ್ಕಂತೂ ಮೋಸವಿಲ್ಲ.

ಕ್ಯಾರೆಟ್ಟಿನ ಗತ್ತೇ ಬೇರೆ. ಮೊಳೆಯಲಿಕ್ಕೇ 10ರಿಂದ 15 ದಿನ, ಅಷ್ಟೂ ದಿನ ಮೇಲ್ಮಣ್ಣು ಒಣಗಕೂಡದು. ಬೀಜದ ಮೇಲೆ ಅರ್ಧ ಇಂಚಿಗಿಂತ ಹೆಚ್ಚು ಮಣ್ಣು ಬೇಡ. ಎಳೆ ಬೇರಿನ ತುದಿಗೆ ಹರಳು ತಾಗಿತೋ, ಅದು ಎರಡು ಮೂರಾಗಿ ಕವಲೊಡೆದು, ಕಿತ್ತಾಗ ಕಾಲು ಮಡಚಿದ ಗೊಂಬೆಯಂಥದ್ದು ಕೈಗೆ ಬರುತ್ತದೆ. ಹಸಿ ಸಗಣಿ ಹಾಕಿದರೂ ಇದೇ ಗತಿ. ಹಾಗಾಗಿ ಜರಡಿ ಹಿಡಿದ ಮಣ್ಣು, ಮರಳು, ಹಳೇ ಗೊಬ್ಬರ ಬೆರೆಸಿ ಅಡಿ ಎತ್ತರದ ಮಡಿ ಮಾಡುವ, ಆಮೇಲೆ ಮೂರು ತಿಂಗಳು ಕಾಯುವ ತಾಳ್ಮೆ ಇದ್ದರೆ ಮಾತ್ರ ಕೈಹಾಕಿ. ಘಟ್ಟದ ಮೇಲಿನ ಶಿರಸಿಯ ಚಳಿಗೆ ನಾಂಟೆಸ್ ತಳಿ ನೋಡಬಹುದು. ಘಟ್ಟದ ಕೆಳಗಿನವರು ಪೂಸಾ ಕೇಸರ್ ಹಾಕುವುದೇ ವಾಸಿ.

ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಅಂಚಿನ ಉಪ್ಪು ನೆಲದವರಿಗೆ ಇವೆರಡೂ ಬೇಡ, ಬೀಟ್‌ರೂಟ್ ಹಾಕಿ. ಉಪ್ಪನ್ನು ಇವೆರಡಕ್ಕಿಂತ ಚೆನ್ನಾಗಿ ತಡೆಯುತ್ತದೆ, ಗಡ್ಡೆಯೂ ಹೆಚ್ಚು ಆಳಕ್ಕಿಳಿಯದೆ ಮೇಲ್ಗಡೆಯೇ ದಪ್ಪವಾಗುತ್ತದೆ. ಹುಳಿ ಮಣ್ಣು ಮಾತ್ರ ಆಗದು. ಮೊದಲೇ ಚಿಪ್ಪಿನ ಸುಣ್ಣ ಬೆರೆಸಿಡಿ. ಒಂದೊಂದು ಬೀಜದಿಂದ ಎರಡು ಮೂರು ಸಸಿ ಏಳುತ್ತವೆ. ಗಟ್ಟಿಯಾದದ್ದೊಂದನ್ನು ಬಿಟ್ಟು ಉಳಿದವನ್ನು ಕಿತ್ತು ತಂಬುಳಿ ಮಾಡಿ.