ಅತ್ತೆಯ ರಾಣಿ ರೂಪಾಯಿಗೆ ಎಷ್ಟು ಅಂಕ?

ನಮ್ಮ ಅತ್ತೆಯ ಪೂಜೆ ಡಬ್ಬಿಯಲ್ಲಿ ಒಂಬತ್ತು ಬೆಳ್ಳಿ ರೂಪಾಯಿಗಳಿವೆ. ಮನೆಯವರೆಲ್ಲ ಅವನ್ನು ರಾಣಿ ರೂಪಾಯಿ ಅಂತಾರೆ. ನಿಜಕ್ಕೂ ವಿಕ್ಟೋರಿಯಾ ರಾಣಿ ಇರುವುದು ಮೂರರಲ್ಲಿ, ಉಳಿದ ಆರರಲ್ಲಿ ರಾಜರಿದ್ದಾರೆ. ಹದಿಮೂರು ವರ್ಷದ ಹಿಂದೆ ಅದರಲ್ಲೊಂದನ್ನು ಭೂತಗನ್ನಡಿ ಹಿಡಿದು ನೋಡಿದೆ. ರಾಣಿಯ ಉಡುಪಿನ ಕಸೂತಿ ಎಳೆ ಎಳೆಯಾಗಿ ಕಂಡಿತು. ಅವತ್ತು ಹಿಡಿದ ಗೀಳು ಇವತ್ತಿಗೂ ಬಿಟ್ಟಿಲ್ಲ.

ನಾನು ಹಾಸನದಲ್ಲಿ ಹೈಸ್ಕೂಲ್ ಗಣಿತ ಟೀಚರ್. ಈ ವರ್ಷ ಮೊದಲ ಸಲ ನಾಲ್ಕು ನಾಣ್ಯಗಳನ್ನು ಗ್ರೇಡಿಂಗ್‌ಗೆ ಕಳಿಸಿದೆ. ಆ ಸೇವೆ ಹೇಗಿತ್ತು ಅಂತ ಹೇಳಲು ಇದನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಬೇಡ. ನೀವು ಎಲ್ಲಿಗೆ ಕಳಿಸಿದರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವೇ.

ಗ್ರೇಡಿಂಗ್ ಅಂದರೆ ನಾಣ್ಯ ಅಸಲಿಯೋ ನಕಲಿಯೋ ನೋಡಿ, ಎಷ್ಟು ಸವೆದಿದೆ ಅಂತ 1ರಿಂದ 70ರೊಳಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೀಲ್ ಮಾಡುವುದು. ಆ ಪೆಟ್ಟಿಗೆಗೆ ಸ್ಲ್ಯಾಬ್ ಅನ್ನುತ್ತಾರೆ. 70 ಯಾಕೆ, 100 ಯಾಕಲ್ಲ? ಇದು 1949ರಲ್ಲಿ ವಿಲಿಯಂ ಶೆಲ್ಡನ್ ಅನ್ನುವ ಅಮೆರಿಕದವರು ಮಾಡಿದ ಅಳತೆ. ಅವರ ಕಣ್ಣ ಮುಂದೆ ಇದ್ದದ್ದು ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟುಗಳು. ಪೂರ್ತಿ ಸವೆದ ನಾಣ್ಯಕ್ಕೆ ಒಂದು ಬೆಲೆಯಾದರೆ, ಚೂರೂ ಕಳಂಕವಿಲ್ಲದ್ದಕ್ಕೆ ಅದರ ಎಪ್ಪತ್ತು ಪಟ್ಟು ಅನ್ನುವುದು ಅವರ ಲೆಕ್ಕ. ಬೆಲೆಯ ಲೆಕ್ಕ ಯಾವಾಗಲೋ ಬಿದ್ದುಹೋಯಿತು, ಅಂಕ ಉಳಿಯಿತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನೂರು ವರ್ಷ ದಾಟಿದ ನಾಣ್ಯವನ್ನು ನಾವು ದೇಶದ ಹೊರಗೆ ಕಳಿಸುವಂತಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಅದನ್ನು ತಡೆಯುತ್ತದೆ. ಗ್ರೇಡಿಂಗ್ ಮಾಡಿಸಿ ವಾಪಸ್ ತರಿಸುತ್ತೇವೆ ಅಂದರೂ ಕಳಿಸುವುದು ಕಳಿಸುವುದೇ. ನಿಮ್ಮ ನಾಣ್ಯ ಎಲ್ಲಿ ಕೂತು ನೋಡುತ್ತಾರೆ ಅಂತ ಕೇಳಿ ತಿಳಿದುಕೊಳ್ಳಿ. ನಾನು ಆರಿಸಿದ್ದು ಭಾರತದೊಳಗೇ ಕೆಲಸ ಮುಗಿಸುವ ಸಂಸ್ಥೆ. ಆ ವಿಷಯದಲ್ಲಿ ಅವರ ಉತ್ತರ ಸ್ಪಷ್ಟವಾಗಿತ್ತು.

ಕಳಿಸುವ ಮುಂಚೆ ನಾನೇ ಒಂದು ಸುತ್ತು ಪರೀಕ್ಷೆ ಮಾಡಿದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಅಯಸ್ಕಾಂತ. ನನ್ನ ಸಲಕರಣೆ ಇಷ್ಟೇ. ಬ್ರಿಟಿಷರ ಕಾಲದ ಒಳ್ಳೆ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗಬೇಕು. ಹಳಬರ ಲೆಕ್ಕದಲ್ಲಿ ಸರಿಯಾಗಿ ಒಂದು ತೊಲ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಸವೆದದ್ದು ಸ್ವಲ್ಪ ಕಡಿಮೆ ತೂಗುತ್ತದೆ, ಅದು ಸಹಜ. ಮುಖ ಹೊಸದರ ಹಾಗಿದ್ದು ತೂಕ ಮಾತ್ರ ಕಡಿಮೆ ಬಂದರೆ ಅನುಮಾನ ಪಡಬೇಕು.

ಮೊದಲನೆಯದು 1907ರ ಎಡ್ವರ್ಡ್ ರೂಪಾಯಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಹತ್ತಿರ ಒಬ್ಬ ಬೆಳ್ಳಿ ವ್ಯಾಪಾರಿ ಕರಗಿಸಲು ಇಟ್ಟಿದ್ದ ರಾಶಿಯಿಂದ ಆರಿಸಿ, ಬೆಳ್ಳಿಯ ಬೆಲೆ ಕೊಟ್ಟು ತಂದದ್ದು. ದೀಪದ ಕೆಳಗೆ ವಾಲಿಸಿದರೆ ಮಿಂಚು ಗಾಡಿ ಚಕ್ರದ ಅರೆಗಳ ಹಾಗೆ ಸುತ್ತು ತಿರುಗುತ್ತದೆ. ರಾಜನ ಕಿವಿಯ ಮೇಲೆ, ಹುಬ್ಬಿನ ಮೇಲೆ ಒಂಚೂರು ಸವೆತ. ನಾನು 55 ಅಂದುಕೊಂಡಿದ್ದೆ. ಅವರು ಎಯು 58 ಕೊಟ್ಟರು. ಚಲಾವಣೆ ಆಗಿದ್ದರೂ ಆಗಿಲ್ಲ ಅನ್ನುವಷ್ಟು ಹೊಸದು ಅಂತ ಅರ್ಥ. ಅವತ್ತು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕಾಫಿ ನನ್ನದೇ. ಒಂದು ದಿನ ತಡವಾಗಿದ್ದರೆ ಆ ನಾಣ್ಯ ಕುಂಕುಮದ ಬಟ್ಟಲಾಗಿ ಹೋಗಿರುತ್ತಿತ್ತು, ಅಲ್ವಾ?

ಎರಡನೆಯದು ಅತ್ತೆಯದು, 1862ರ ರೂಪಾಯಿ. ಇದೊಂದು ಚಂದದ ಒಗಟು. 1874ರವರೆಗೂ ಟಂಕಸಾಲೆಗಳು 1862 ಅನ್ನುವ ಅದೇ ಇಸವಿ ಹಾಕಿ ಒತ್ತಿದವು. ಹಿಂಬದಿಯ ಪುಟ್ಟ ಚುಕ್ಕಿಗಳನ್ನು ಎಣಿಸಿ ಸಂಗ್ರಹಕಾರರು ನಿಜವಾದ ವರ್ಷ ಲೆಕ್ಕ ಹಾಕುತ್ತಾರೆ. ಲೇಬಲ್ ಮೇಲೆ ರಾಣಿಯ ಮುಖದ ಬಗೆ, ಹಿಂಬದಿಯ ಬಗೆ, ಚುಕ್ಕಿ ಎಷ್ಟು ಅನ್ನುವುದನ್ನೆಲ್ಲ ತಪ್ಪಿಲ್ಲದೆ ಬರೆದಿದ್ದರು. ಅದಕ್ಕೆ ಪೂರ್ತಿ ಅಂಕ. ಆದರೆ ನಾಣ್ಯಕ್ಕೆ ಅಂಕವೇ ಇಲ್ಲ. 'ಎಕ್ಸ್‌ಎಫ್ ಡೀಟೇಲ್ಸ್, ಕ್ಲೀನ್ಡ್' ಅಂತ ಬರೆದಿತ್ತು. ಸವೆತ ಕಡಿಮೆ, ಆದರೆ ಯಾರೋ ಉಜ್ಜಿ ತೊಳೆದಿದ್ದಾರೆ, ಆದ್ದರಿಂದ ಅಂಕ ಕೊಡುವುದಿಲ್ಲ.

ಯಾರೋ ಅಲ್ಲ, ನಾವೇ. ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ಅತ್ತೆ ವಿಭೂತಿ ಹಚ್ಚಿ ತಿಕ್ಕಿ ಹೊಳೆಸುತ್ತಾರೆ. ಅದಕ್ಕೂ ಮುಂಚೆ ಅವರ ತಾಯಿ ತಿಕ್ಕುತ್ತಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ರಾಣಿಯ ಕೆನ್ನೆಯ ಮೇಲೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಕಾಣುತ್ತವೆ. ಸುಮ್ನೆ ಕೂತು ಆ ಗೀರುಗಳನ್ನೇ ತುಂಬ ಹೊತ್ತು ನೋಡಿದೆ. ತೀರ್ಪು ಸರಿಯಾಗಿದೆ, ನಾನು ತಕರಾರು ಮಾಡುವುದಿಲ್ಲ. ನಿಮ್ಮ ಮನೆಯಲ್ಲಿ ಹಳೆ ನಾಣ್ಯ ಇದ್ದರೆ ದಯವಿಟ್ಟು ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದನ್ನೂ ಮುಟ್ಟಿಸಬೇಡಿ. ಬೆಳ್ಳಿ ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ. ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಜೇಬುಗಳಲ್ಲೂ ಇಡಬೇಡಿ. ಪಿವಿಸಿ ಪ್ಲಾಸ್ಟಿಕ್‌ನಿಂದ ಹಸಿರು ಅಂಟು ಬಿಡುತ್ತದೆ. ನನ್ನ ಹನ್ನೊಂದು ತಾಮ್ರದ ನಾಣ್ಯ ಹಾಗೇ ಹಾಳಾದವು.

ಮೂರನೆಯದು ಟಿಪ್ಪುವಿನ ಆನೆ ಕಾಸು. ಇಲ್ಲಿಂದ ನನ್ನ ಬೇಜಾರು ಶುರು. ಟಿಪ್ಪು ತನ್ನ ತಾಮ್ರದ ನಾಣ್ಯಗಳಿಗೆ ಗ್ರಹ, ನಕ್ಷತ್ರಗಳ ಹೆಸರಿಟ್ಟಿದ್ದ. ಪೈಸೆಗೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆಗೆ ಬಹ್ರಾಮ್, ಅಂದರೆ ಮಂಗಳ. ತಾನೇ ಶುರು ಮಾಡಿದ ಮೌಲೂದಿ ಅನ್ನುವ ವರ್ಷ ಲೆಕ್ಕದ ಇಸವಿಯನ್ನು ಬಲದಿಂದ ಎಡಕ್ಕೆ ಬರೆಸಿದ. ಅದನ್ನು ಓದಲು ಕಲಿತ ದಿನ ನನಗೆ ಹೊಸ ಪ್ರಮೇಯ ಬಿಡಿಸಿದಷ್ಟು ಖುಷಿಯಾಗಿತ್ತು. ನನ್ನ ನಾಣ್ಯದ ಮೇಲೆ ಪಟನ್ ಅಂತಿದೆ, ಅಂದರೆ ಶ್ರೀರಂಗಪಟ್ಟಣ. ಲೇಬಲ್ ಮೇಲೆ ನಗರ ಅಂತ ಬಂತು. ಹೊಸನಗರದ ಹತ್ತಿರದ ನಗರದಲ್ಲೂ ಟಿಪ್ಪುವಿನ ಟಂಕಸಾಲೆ ಇತ್ತು, ನಿಜ. ಆದರೆ ಈ ಕಾಸಿನ ಮೇಲಿರುವ ಪರ್ಷಿಯನ್ ಲಿಪಿಯಲ್ಲಿ ನಗರ ಅಂತ ಬರೆದರೆ ನಡುವೆ ಗಕಾರದ ಓರೆ ಗೆರೆ ಇರಬೇಕು. ನನ್ನದರಲ್ಲಿ ಅದು ಇಲ್ಲವೇ ಇಲ್ಲ. ಫೋಟೋ ಹಾಕಿ, ಗೆರೆ ಗುರುತು ಮಾಡಿ ಬರೆದೆ. ವಾಪಸ್ ಕಳಿಸಿ ಅಂದರು, ಕೊರಿಯರ್ ಖರ್ಚು ನನ್ನದೇ. ಸರಿ ಮಾಡಿ ಬರಲು ಆರು ವಾರ ಹಿಡಿಯಿತು. ತಪ್ಪಾಯಿತು ಅಂತ ಒಂದು ಸಾಲು ಕೂಡ ಇರಲಿಲ್ಲ.

ನಾಲ್ಕನೆಯದು ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸು. ಒಂದು ಕಡೆ ಆನೆ, ಮೇಲೆ ಶ್ರೀ. ಇನ್ನೊಂದು ಕಡೆ ಕನ್ನಡದಲ್ಲಿ ಮಯಿಲಿ ಕಾಸು, ಜೊತೆಗೆ ಇಂಗ್ಲಿಷ್ ಅಕ್ಷರ. ಕನ್ನಡ ಅಕ್ಷರ ಹೊತ್ತ ನಾಣ್ಯ ಅಂಗೈ ಮೇಲೆ ಕೂತರೆ ನನಗೆ ಮೈ ಜುಮ್ಮೆನ್ನುತ್ತದೆ. ಆನೆಯ ಸೊಂಡಿಲು, ಕಾಲು ಎಲ್ಲ ಚೂಪಾಗಿವೆ. ಬರಹ ಮಾತ್ರ ಅರ್ಧದಷ್ಟು ನಾಣ್ಯದ ಆಚೆ ಬಿದ್ದಿದೆ. ಅವರು ವಿಎಫ್ 20 ಕೊಟ್ಟರು, ಅಂದರೆ ಮಧ್ಯಮ ಮಟ್ಟಿಗೆ ಸವೆದದ್ದು. ಯಾಕೆ ಅಂತ ಕೇಳಿದೆ. 'ನಮ್ಮ ಪರಿಣತರ ಅಭಿಪ್ರಾಯ' ಅಂತ ಉತ್ತರ ಬಂತು.

ಇದು ನನಗೆ ಒಪ್ಪಿಗೆಯಿಲ್ಲ. ಈ ಕಾಸುಗಳನ್ನು ಕೈಯಲ್ಲಿ ಬಡಿದು ಒತ್ತುತ್ತಿದ್ದರು. ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು. ಅಕ್ಷರ ಹೊರಗೆ ಬಿದ್ದದ್ದು ಹುಟ್ಟುವಾಗಲೇ, ಜೇಬಿನಲ್ಲಿ ಸವೆದು ಅಲ್ಲ. ಅಮೆರಿಕದ ಸೆಂಟಿಗೆ ಮಾಡಿದ ಅಳತೆಯನ್ನು ನಮ್ಮ ಕಾಸಿನ ಮೇಲೆ ಹಾಗೇ ಇಟ್ಟರೆ ಹೀಗಾಗುತ್ತದೆ. ನಾನು ಉತ್ತರ ಪತ್ರಿಕೆ ತಿದ್ದುವವಳು. ಎಸ್ಸೆಸ್ಸೆಲ್ಸಿ ಮಕ್ಕಳು ಕೇಳಿದರೆ ತಿದ್ದಿದ ಪತ್ರಿಕೆಯ ಪ್ರತಿ ಸಿಗುತ್ತದೆ, ಎಲ್ಲಿ ಅಂಕ ಹೋಯಿತು ಅಂತ ಕಾಣುತ್ತದೆ. ದುಡ್ಡು ಕೊಟ್ಟ ನನಗೆ ಎರಡು ಸಾಲಿನ ಕಾರಣವಾದರೂ ಬೇಕಿತ್ತು. ಅಚ್ಚಿನ ಗುಣಕ್ಕೆ ಒಂದು, ಸವೆತಕ್ಕೆ ಒಂದು ಅಂತ ಬೇರೆ ಬೇರೆ ಬರೆದಿದ್ದರೆ ಸಾಕಾಗಿತ್ತು.

ಒಟ್ಟು ಖರ್ಚು ಏಳು ಸಾವಿರ ಚಿಲ್ಲರೆ. ಒಂದೂವರೆ ತಿಂಗಳು ಅಂದವರು ಮೂರು ತಿಂಗಳು ತೆಗೆದುಕೊಂಡರು. ಪೆಟ್ಟಿಗೆ ತುಂಬ ಚೆನ್ನಾಗಿದೆ, ಅಂಚು ಕೂಡ ಕಾಣುತ್ತದೆ. ಲೇಬಲ್ ಮೇಲಿನ ಸಂಖ್ಯೆಯನ್ನು ಅವರ ವೆಬ್‌ಸೈಟಿನಲ್ಲಿ ಹಾಕಿದರೆ ನಾಣ್ಯದ ಫೋಟೋ ಬರುತ್ತದೆ. ಯಂತ್ರದಲ್ಲಿ ಒತ್ತಿದ ರೂಪಾಯಿ ಇದ್ದು, ಮಾರುವ ಯೋಚನೆ ಇದ್ದರೆ ಧಾರಾಳವಾಗಿ ಕಳಿಸಿ. ಮೈಸೂರಿನ ಕಾಸುಗಳನ್ನು ನಾನು ಇನ್ನು ಕಳಿಸುವುದಿಲ್ಲ. ಐದಕ್ಕೆ ಮೂರು ಅಂಕ.

ಮೊನ್ನೆ ಹಬ್ಬದ ಹಿಂದಿನ ದಿನ ಅತ್ತೆ ಸ್ಲ್ಯಾಬ್ ಹಿಡಿದುಕೊಂಡು ಬಂದರು. "ಇದನ್ನ ತೆಗೆದುಕೊಡಮ್ಮ, ಕಳಶಕ್ಕೆ ಹಾಕ್ಬೇಕು" ಅಂದರು. ಬಟ್ಟೆ ಸುತ್ತಿ, ಅಂಚಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಒಡೆದು ಕೊಟ್ಟೆ. ವಿಭೂತಿ ಬೇಡ ಅತ್ತೆ, ಬರೀ ನೀರು ಸಾಕು ಅಂದೆ. ಅವರು ನೀರಲ್ಲಿ ಅದ್ದಿ, ಸೆರಗಿನಲ್ಲಿ ಒರೆಸಲು ಹೋಗಿ ನನ್ನ ಮುಖ ನೋಡಿದರು. ಆಮೇಲೆ ಒರೆಸದೆ ಹಾಗೇ ಕಳಶದೊಳಗೆ ಬಿಟ್ಟರು.