ಹಳೆ ಕಾರಿನ ವೈಪರ್: ವ್ಯಾಕ್ಯೂಮ್ ರಿಪೇರಿಯೋ, ಎಲೆಕ್ಟ್ರಿಕ್ ಮೋಟರೋ?

ಏರು ಹತ್ತುವಾಗ ಆಕ್ಸಿಲರೇಟರ್ ತುಳಿದರೆ ವೈಪರ್ ಗಾಜಿನ ನಡುವೆಯೇ ನಿಲ್ಲುತ್ತದೆ, ಕಾಲು ತೆಗೆದರೆ ಮತ್ತೆ ಓಡುತ್ತದೆ. ಹಾಗಿದ್ದರೆ ನಿಮ್ಮದು ವ್ಯಾಕ್ಯೂಮ್ ವೈಪರ್. ಎಂಜಿನ್ ಗಾಳಿ ಎಳೆದುಕೊಳ್ಳುವ ಸೆಳೆತದಿಂದಲೇ ಅದು ನಡೆಯುವುದು. ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಪೂರ್ತಿ ತೆರೆದಾಗ ಸೆಳೆತ ಕುಗ್ಗುತ್ತದೆ. ಇದು ಅದರ ಹುಟ್ಟುಗುಣ. ಸಮ ರಸ್ತೆಯಲ್ಲೂ ತೆವಳಿದರೆ ಮಾತ್ರ ಕಾಯಿಲೆ.

ಅದಕ್ಕೆ ಮದ್ದು ಬಹಳ ಸಲ ಸುಲಭ. ಎಂಜಿನ್‌ನಿಂದ ವೈಪರ್ ಮೋಟರಿಗೆ ಹೋಗುವ ರಬ್ಬರ್ ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಕೂದಲೆಳೆ ಬಿರುಕಿದ್ದರೂ ಸಾಕು, ಗಾಳಿ ಸೋರುತ್ತದೆ. ಪೈಪ್ ಸರಿಯಿದ್ದರೆ ಮೋಟರ್ ಒಳಗಿನ ಸೀಲ್ ಒಣಗಿರಬಹುದು.

ಎಲೆಕ್ಟ್ರಿಕ್ ಮೋಟರ್ ಹಾಕಿದರೆ ಏರಿನಲ್ಲೂ ಒಂದೇ ವೇಗ. ಆದರೆ ವೈರಿಂಗ್, ಫ್ಯೂಸ್, ಸ್ವಿಚ್ ಎಲ್ಲಾ ಹೊಸದು ಬೇಕು. ಕಾರು 6 ವೋಲ್ಟಿನದಾದರೆ 12 ವೋಲ್ಟ್ ಮೋಟರ್ ಸುಮ್ನೆ ದಂಡ.

ಯಾವುದಕ್ಕೂ ಮೊದಲು ಲಿಂಕೇಜನ್ನು (ಮೋಟರಿಗೂ ವೈಪರ್ ಕೈಗಳಿಗೂ ನಡುವಿನ ಸರಳುಗಳನ್ನು) ಮೋಟರಿನಿಂದ ಬಿಡಿಸಿ ಕೈಯಲ್ಲಿ ಆಡಿಸಿ. ಬಿಗಿಯಾಗಿದ್ದರೆ ಹಳೆ ಗ್ರೀಸ್ ಗಟ್ಟಿಯಾಗಿರಬಹುದು. ಅದನ್ನು ಬಿಟ್ಟು ಮೋಟರ್ ಬದಲಿಸಿದರೆ ಹೊಸದೂ ಸುಟ್ಟೀತು, ಅಲ್ವಾ?

ಬಿಸಿಲಲ್ಲಿ ಮಾತ್ರ ಹೊರಗೆ ತೆಗೆಯುವ ಕಾರಾದರೆ ನಾನಂತೂ ವ್ಯಾಕ್ಯೂಮನ್ನೇ ರಿಪೇರಿ ಮಾಡಿಸುತ್ತೇನೆ. ಮಳೆಯಲ್ಲೂ ಜಾಸ್ತಿ ಓಡಿಸುವವರು ಎಲೆಕ್ಟ್ರಿಕ್ ಹಾಕಿಸಿ, ಹಳೆಯದನ್ನು ಎಸೆಯದೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ.