ಮೂರು ತುಂಡುಗಳ ಮರದ ಬಿಲ್ಲು: ತಪಾಸಣೆಯ ಮೇಜಿನ ಮೇಲೆ ಇಟ್ಟು ನೋಡಿದಾಗ

ಎಂಟು ತಿಂಗಳಿಂದ ನಾನು ಬಳಸುತ್ತಿರುವ ಈ ರಿಕರ್ವ್ ಬಿಲ್ಲು, ಅಂದರೆ ತುದಿಗಳು ಹೊರಕ್ಕೆ ಬಾಗಿರುವ ಬಿಲ್ಲು, 62 ಅಂಗುಲ ಉದ್ದದ್ದು. ಮರದ ಹಿಡಿಗೆ ಎರಡು ತೋಳುಗಳನ್ನು ತಿರುಪಿನಿಂದ ಬಿಗಿಯುವ ಮಾದರಿ ಇದಾದ್ದರಿಂದ ಬಿಚ್ಚಿದರೆ ಬೆನ್ನುಚೀಲದಲ್ಲಿ ಹಿಡಿಯುತ್ತದೆ. ಮಾರಾಟಗಾರರು ಇದನ್ನು ‘ಸಾಂಪ್ರದಾಯಿಕ ಬಿಲ್ಲು’ ಎಂದು ಕರೆದಿದ್ದರು. ಆ ಒಂದು ಪದವನ್ನು ನಂಬಿ ಕೊಂಡು, ಸ್ಥಳೀಯ ಸ್ಪರ್ಧೆಯೊಂದಕ್ಕೆ ಒಯ್ದು, ಸಲಕರಣೆ ತಪಾಸಣೆಯ ಮೇಜಿನ ಮುಂದೆ ಅರ್ಧ ಗಂಟೆ ನಿಲ್ಲಬೇಕಾಗಿ ಬಂತು. ಹಾಗಾಗಿ ಬಿಲ್ಲು ಹೇಗೆ ಎಸೆಯುತ್ತದೆ ಎಂಬುದರ ಜೊತೆಗೆ ಅದು ಯಾವ ನಿಯಮದೊಳಗೆ ಬರುತ್ತದೆ ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಎಸೆತದ ಬಗ್ಗೆ ಹೇಳುವುದಾದರೆ, ಈ ಬೆಲೆಗೆ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಲಾಗದು. ತೋಳಿನ ಮೇಲೆ 30 ಪೌಂಡ್ ಎಂದು ಬರೆದಿದೆ. ಆ ಅಂಕಿ 28 ಅಂಗುಲ ಎಳೆದಾಗಿನ ಭಾರವನ್ನು ಸೂಚಿಸುವುದರಿಂದ, ನನ್ನಂತೆ 27 ಅಂಗುಲ ಎಳೆಯುವವರ ಬೆರಳಿಗೆ ಬರುವ ಭಾರ ಅದಕ್ಕಿಂತ ಕಡಿಮೆ. ಕಲಿಯುವ ಹಂತದಲ್ಲಿ ಇದು ಒಳ್ಳೆಯದೇ. ಎಳೆತ ಕೊನೆಯವರೆಗೂ ನಯವಾಗಿದೆ, ಮರದ ಹಿಡಿ ಅಂಗೈಗೆ ಚೆನ್ನಾಗಿ ಕೂರುತ್ತದೆ. ಜೊತೆಗೆ ಬಂದ ಹೆದೆ ಮಾತ್ರ ಮೊದಲ ವಾರಗಳಲ್ಲಿ ಹಿಗ್ಗಿ, ಹೆದೆ ಮತ್ತು ಹಿಡಿಯ ನಡುವಿನ ಅಂತರ ದಿನಕ್ಕೊಂದು ರೀತಿಯಾಗುತ್ತಿತ್ತು. ಬೇರೆ ಹೆದೆ ಕಟ್ಟಿಸಿದ ಮೇಲೆ ಆ ತೊಂದರೆ ಉಳಿಯಲಿಲ್ಲ.

ಇನ್ನು ತಪಾಸಣೆಯ ವಿಷಯ. ಆಯೋಜಕರ ಸೂಚನೆಯಲ್ಲಿ ಇದ್ದದ್ದು ಒಂದೇ ಸಾಲು: ಸಾಂಪ್ರದಾಯಿಕ ಬಿಲ್ಲುಗಳು ಮಾತ್ರ, ಆಧುನಿಕ ಸಾಧನಗಳಿಗೆ ಅವಕಾಶವಿಲ್ಲ. ಈ ಬಿಲ್ಲಿನ ಹಿಡಿಯಲ್ಲಿ ಗುರಿಕಂಡಿ (ಗುರಿ ಹಿಡಿಯಲು ನೆರವಾಗುವ ಸಾಧನ) ಮತ್ತು ಸ್ಟೆಬಿಲೈಜರ್ (ಬಿಲ್ಲಿನ ಅಲುಗಾಟ ತಗ್ಗಿಸುವ ಕಡ್ಡಿ) ಜೋಡಿಸಲು ಹಿತ್ತಾಳೆಯ ತಿರುಪುರಂಧ್ರಗಳನ್ನು ಕೂರಿಸಲಾಗಿದೆ. ಆ ರಂಧ್ರಗಳೇ ಆಧುನಿಕ ಸಾಧನ ಎಂದು ಒಬ್ಬ ತೀರ್ಪುಗಾರರು ಹೇಳಿದರೆ, ಖಾಲಿ ರಂಧ್ರದಿಂದ ಯಾರಿಗೂ ಅನುಕೂಲವಾಗದು ಎಂದು ಇನ್ನೊಬ್ಬರು ವಾದಿಸಿದರು. ಕೊನೆಗೆ ರಂಧ್ರಗಳ ಮೇಲೆ ಟೇಪ್ ಅಂಟಿಸಿ ಒಳಗೆ ಬಿಟ್ಟರು. ಆದರೆ ಬಾಣದ ವೇಗಕ್ಕೆ ನಿಜವಾಗಿ ಕಾರಣವಾಗಿರುವ, ತೋಳುಗಳ ಎರಡೂ ಮೈಗೆ ಅಂಟಿಸಿದ ಫೈಬರ್‌ಗ್ಲಾಸ್ ಹಾಳೆಯ ಬಗ್ಗೆ ಇಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ನನ್ನ ಪಕ್ಕದಲ್ಲೇ ಬರೀ ಬಿದಿರಿನ ಬಿಲ್ಲು ಹಿಡಿದು ನಿಂತಿದ್ದ ಹುಡುಗ ನನ್ನದೇ ವಿಭಾಗದಲ್ಲಿ ಎಸೆಯಬೇಕಾಯಿತು. ಅದು ಅವನಿಗೆ ಆದ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಅಳೆಯಬಲ್ಲ ನಿಯಮವಿದ್ದರೆ ಇಂಥ ಚರ್ಚೆಗೆ ಎಡೆಯೇ ಇರುವುದಿಲ್ಲ. 1951ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಲಾಂಗ್‌ಬೋ ಸೊಸೈಟಿಯ ಪ್ರಕಾರ ಉದ್ದಬಿಲ್ಲಿನ (ಲಾಂಗ್‌ಬೋ) ತೋಳಿನ ದಪ್ಪ ಎಲ್ಲಿಯೂ ಅದರ ಅಗಲದ ಎಂಟನೇ ಐದು ಭಾಗಕ್ಕಿಂತ ಕಡಿಮೆ ಇರಕೂಡದು. ಅಳತೆಗೋಲು ಹಿಡಿದ ಯಾರೇ ಆದರೂ ಇದನ್ನು ನಿಮಿಷದಲ್ಲಿ ನಿರ್ಣಯಿಸಬಹುದು. ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ ಬೇರ್‌ಬೋ ವಿಭಾಗದಲ್ಲಿ, ಅಂದರೆ ಗುರಿಕಂಡಿಯಿಲ್ಲದೆ ಎಸೆಯುವ ವಿಭಾಗದಲ್ಲಿ, ಹೆದೆ ಬಿಚ್ಚಿದ ಬಿಲ್ಲು ತನ್ನೆಲ್ಲ ಜೋಡಣೆಗಳೊಂದಿಗೆ 12.2 ಸೆಂ.ಮೀ. ಒಳವ್ಯಾಸದ ಉಂಗುರದ ಮೂಲಕ ಹಾದುಹೋಗಬೇಕು. ರಟ್ಟಿನಲ್ಲಿ ಆ ಅಳತೆಯ ಉಂಗುರ ಕತ್ತರಿಸಿ ಪರೀಕ್ಷಿಸಿದೆ: ನನ್ನ ಬಿಲ್ಲು ಸಲೀಸಾಗಿ ಹಾದುಹೋಯಿತು. ಅದೇ ಸಂಸ್ಥೆಯ ಉದ್ದಬಿಲ್ಲು ವಿಭಾಗದಲ್ಲಿ ಹೆದೆ ಏರಿಸಿದಾಗ ಅದು ತುದಿಯ ಕಚ್ಚುಗಳನ್ನು ಬಿಟ್ಟು ಬಿಲ್ಲಿನ ಬೇರಾವ ಭಾಗವನ್ನೂ ತಾಗಬಾರದು. ಹೊರಕ್ಕೆ ಬಾಗಿದ ತುದಿಗಳ ಮೇಲೆ ಹೆದೆ ಒರಗುವ ನನ್ನ ಬಿಲ್ಲು ಆ ವಿಭಾಗಕ್ಕೆ ಸಲ್ಲದು ಎಂಬುದು ಕಣ್ಣಳತೆಗೇ ಗೊತ್ತಾಗುತ್ತದೆ. ನಮ್ಮ ದೇಶದ ಇಂಡಿಯನ್ ರೌಂಡ್ ಎಂಬ ಸ್ಪರ್ಧಾ ವಿಭಾಗದಲ್ಲಿ ಬಳಸುವುದು ಬಿದಿರಿನ ಬಿಲ್ಲನ್ನಾದ್ದರಿಂದ ಅಲ್ಲಿಯೂ ಇದಕ್ಕೆ ಜಾಗವಿಲ್ಲ.

ಬೇರ್‌ಬೋ ವಿಭಾಗದಲ್ಲಿ ಪ್ರವೇಶವೇನೋ ಸಿಗುತ್ತದೆ, ಆದರೆ ಅಲ್ಲಿ ಲೋಹದ ಹಿಡಿಗೆ ತೂಕ ಕೂರಿಸಿಕೊಂಡು ಬರುವವರ ಎದುರು ಈ ಹಗುರವಾದ ಬಿಲ್ಲು ಕೈಯಲ್ಲಿ ಅಷ್ಟು ಸ್ಥಿರವಾಗಿ ನಿಲ್ಲುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಬೇರ್‌ಬೋದಲ್ಲಿ ದೂರಕ್ಕೆ ತಕ್ಕಂತೆ ಬೆರಳುಗಳನ್ನು ಹೆದೆಯ ಮೇಲೆ ಕೆಳಕ್ಕೆ ಜಾರಿಸಿ ಹಿಡಿಯಬಹುದು, ಉದ್ದಬಿಲ್ಲಿನಲ್ಲಿ ಹಾಗೆ ಮಾಡುವಂತಿಲ್ಲ. ಹೆದೆ ಎಳೆಯುವಾಗ ಬೆರಳಿಗೆ ರಕ್ಷಣೆಯಾಗಿ ತೊಡುವ ಬೆರಳುಪಟ್ಟಿಯ ಹೊಲಿಗೆಗಳನ್ನು ಎಣಿಸಿ ಹಿಡಿಯುವವರಿಗೆ ಆ ಹೊಲಿಗೆಯೇ ಗುರಿಕಂಡಿಯಂತೆ ಕೆಲಸ ಮಾಡುತ್ತದೆ. ಬಿಲ್ಲಿನ ಮೇಲೆ ಏನಿರಬಾರದು ಎಂದಷ್ಟೇ ಹೇಳಿ ಬೆರಳಿನ ಬಗ್ಗೆ ಸುಮ್ಮನಿರುವ ನಿಯಮ ಅರ್ಧ ನಿಯಮ.

ಬಾಣಗಳ ಆಯ್ಕೆ ಸುಲಭ. ವಿಶ್ವ ಸಂಸ್ಥೆಯ ಮಿತಿಯಂತೆ ಬಾಣದ ಕಡ್ಡಿಯ ವ್ಯಾಸ 9.3 ಮಿ.ಮೀ. ಮೀರಬಾರದು, ಸಾಮಾನ್ಯವಾಗಿ ಸಿಗುವ 11/32 ಅಂಗುಲದ ಮರದ ಕಡ್ಡಿ ಸುಮಾರು 8.7 ಮಿ.ಮೀ. ಇರುವುದರಿಂದ ಆತಂಕವಿಲ್ಲ.

ಬಿಲ್ಲುಗಾರಿಕೆಯನ್ನು ಹೊಸದಾಗಿ ಕಲಿಯುತ್ತಿರುವವರು ಈ ಬಿಲ್ಲನ್ನು ಧೈರ್ಯವಾಗಿ ಕೊಳ್ಳಬಹುದು. ಬಲ ಹೆಚ್ಚಿದಂತೆ ತೋಳುಗಳನ್ನಷ್ಟೇ ಬದಲಿಸಿದರೆ ಸಾಕು. ಉದ್ದಬಿಲ್ಲು ಅಥವಾ ಇಂಡಿಯನ್ ರೌಂಡ್ ಆಡುವ ಉದ್ದೇಶವಿದ್ದವರು ಕೊಳ್ಳಬೇಡಿ. ಸ್ಥಳೀಯ ಸ್ಪರ್ಧೆಗೆಂದು ಕೊಳ್ಳುವವರು ಹಣ ಕೊಡುವ ಮೊದಲು ಹಿಡಿಯಲ್ಲಿನ ಲೋಹ, ತೋಳಿನ ಫೈಬರ್‌ಗ್ಲಾಸ್, ಬಾಣದ ವಸ್ತು ಮತ್ತು ಬೆರಳಿನ ಹಿಡಿತದ ಬಗ್ಗೆ ಆಯೋಜಕರಿಂದ ಲಿಖಿತ ಉತ್ತರ ಪಡೆಯಬೇಕು. ಈ ನಾಲ್ಕನ್ನೂ ಮುಂದಿನ ಸೂಚನೆಯಲ್ಲಿ ಸೇರಿಸಬೇಕೆಂದು, ಬಿದಿರಿನ ಬಿಲ್ಲಿಗೆ ಪ್ರತ್ಯೇಕ ವಿಭಾಗ ಮಾಡಬೇಕೆಂದು ಕೋರಿ ನಮ್ಮ ಸ್ಪರ್ಧೆಯ ಆಯೋಜಕರಿಗೆ ಪತ್ರ ಬರೆದಿದ್ದೇನೆ. ರಟ್ಟಿನ ಉಂಗುರವನ್ನೂ ಅದರೊಂದಿಗೆ ಇಟ್ಟು ಕಳುಹಿಸಿದ್ದೇನೆ.